ಎಡಗಡೆ ಮುಂದಿನ ಚಕ್ರ

ಮೊದಲು ಕಣ್ಣಿಗೆ ಬಿದ್ದದ್ದು ಚಕ್ರ. ರಸ್ತೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಕಡಲೆಕಾಯಿ ಹೊಲದ ನಡುವೆ, ಯಾರೋ ತಂದು ಮಲಗಿಸಿದ ಹಾಗೆ ಬಿದ್ದಿತ್ತು. ಹೊಚ್ಚ ಹೊಸ ಅಲಾಯ್ ಚಕ್ರ. ಹಾಕಿಸಿ ಎರಡು ದಿನ ಕೂಡ ಪೂರ್ತಿ ಆಗಿರಲಿಲ್ಲ.

ವ್ಯಾನು ಮಿಡಿಗೇಶಿ ದಾಟಿದ ಮೇಲೆ ಸಿಗುವ ಮೋರಿಯಲ್ಲಿ ಮಗ್ಗುಲಾಗಿತ್ತು. ಒಳಗಿದ್ದವನು ಒಬ್ಬನೇ — ಓಡಿಸುತ್ತಿದ್ದ ಸುನಿಲ್‌ಕುಮಾರ್, ಇಪ್ಪತ್ತಾರು ವರ್ಷ. ವಳ್ಳೂರಿನ ಸೋಲಾರ್ ಪಾರ್ಕಿನ ಪಾಳಿಯವರನ್ನು ಹತ್ತಿಸಿಕೊಳ್ಳಲು ಮಧುಗಿರಿಯಿಂದ ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಹೊರಟಿದ್ದ. ಹನ್ನೆರಡು ಜನ ಕೂತಿದ್ದಿದ್ದರೆ? ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾವು ಹೋಗುವಷ್ಟರಲ್ಲಿ ಅವನನ್ನು ಆಂಬುಲೆನ್ಸ್ ಕರೆದುಕೊಂಡು ಹೋಗಿತ್ತು. ಅದೇ ಮಧ್ಯಾಹ್ನ ತುಮಕೂರಿನಲ್ಲಿ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ನಾನು ತಿಪ್ಪೇಶ್, ಕೊಳಾಲದವನು. ವಿಮೆ ಸರ್ವೇಯರ್ ಯಶೋಧರಾ ಮೇಡಂ ಜೊತೆ ಕೆಲಸ ಮಾಡುತ್ತೇನೆ. ಅಪಘಾತವಾದ ಗಾಡಿಯನ್ನು ಅವರು ನೋಡುತ್ತಾರೆ, ನಾನು ಫೋಟೋ ಹೊಡೆಯುತ್ತೇನೆ. ಮೇಡಂಗೆ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ನನ್ನದು ಇಳಿದದ್ದನ್ನು ಅವರು ಕಂಡಿಲ್ಲ. ಅದರಲ್ಲೂ ಗಾಡಿ ರಿಪೇರಿಯವರ ಮೇಲೆ ನನಗೆ ಹಳೆಯ ಹಗೆ. ಹದಿನಾಲ್ಕು ವರ್ಷದ ಹಿಂದೆ ಒಬ್ಬ ನಮ್ಮಪ್ಪನ ಸ್ಕೂಟರಿನ ಬ್ರೇಕನ್ನು ಅರ್ಧಂಬರ್ಧ ಬಿಗಿದು "ಆಯ್ತು, ಹೋಗಿ" ಅಂದಿದ್ದ. ಅಪ್ಪ ಕೆರೆ ಏರಿಯ ತಿರುವಿನಾಚೆ ಹೋಗಲೇ ಇಲ್ಲ. ಅವತ್ತಿನಿಂದ ಸ್ಪ್ಯಾನರ್ ಹಿಡಿದವರನ್ನು ಕಂಡರೆ ನನಗೆ ಆಗದು.

ರಸ್ತೆಯ ಮೇಲೆ ಎರಡು ನಟ್ಟು ಸಿಕ್ಕವು. ಮಿಕ್ಕ ಮೂರು ಎಷ್ಟು ಹುಡುಕಿದರೂ ಸಿಗಲಿಲ್ಲ. ಮೇಡಂ ಆ ಎರಡನ್ನೂ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ತಿಪ್ಪೇಶ್, ಉಳಿದ ಮೂರು ಚಕ್ರದ ನಟ್ಟು ನೋಡು. ಹೆಂಗಿವೆ?"

"ಹೊಸವು. ಹೊಳೀತಿವೆ."

"ಇವು?"

ಎಣ್ಣೆ ಕುಡಿದು ಕಪ್ಪಾದ ಹಳೆಯ ನಟ್ಟು. ತಳ ಚಪ್ಪಟೆ. ಅಲಾಯ್ ಚಕ್ರದ ತೂತು ಒಳಮುಖವಾಗಿ ಇಳಿಜಾರಾಗಿರುತ್ತದೆ. ಅದಕ್ಕೆ ತಳ ಚೂಪಾದ ನಟ್ಟೇ ಬೇಕು, ಆಗ ಮಾತ್ರ ಕಚ್ಚಿಕೊಂಡು ಕೂರುತ್ತದೆ. ಕಬ್ಬಿಣದ ಚಕ್ರದ ಚಪ್ಪಟೆ ನಟ್ಟು ಹಾಕಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಅಷ್ಟೆ. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿದರೆ ಸಡಿಲ.

"ಅಂದ್ರೆ ಅಂಗಡಿಯವನು ಮೂರು ಚಕ್ರಕ್ಕೆ ಸರಿಯಾದ್ದು ಹಾಕಿ, ಒಂದಕ್ಕೆ ಹಳೇದನ್ನೇ ಹಾಕಿ ಕಳ್ಸಿದಾನೆ!" ಎಂದು ಕೂಗಿದೆ.

ಮೇಡಂ ನಟ್ಟುಗಳನ್ನು ಕವರಿಗೆ ಹಾಕಿಕೊಂಡರು. ಅಷ್ಟರಲ್ಲಿ ಆಟೋ ಬಂದು ನಿಂತಿತು. ಇಳಿದವರು ಇಬ್ಬರು — ವ್ಯಾನಿನ ಮಾಲೀಕ ಅಂಜಿನಮೂರ್ತಿ ಮತ್ತು ಅವನ ತಾಯಿ ಈರಕ್ಕ. ಸುನಿಲ ಅವನ ಒಬ್ಬನೇ ತಮ್ಮ. ಅಂಜಿನಮೂರ್ತಿ ಕುಳ್ಳಗಿನ, ಗಟ್ಟಿ ಮೈಕಟ್ಟಿನ ಆಳು. ಮೋರಿಯ ಅಂಚಿನಲ್ಲಿ ಕುಸಿದು ತಲೆ ಚಚ್ಚಿಕೊಂಡ.

"ಶಿರಾದ ಚನ್ನಮಲ್ಲಯ್ಯ ಮೇಡಂ! ಶನಿವಾರ ಅವ್ನ ಅಂಗ್ಡೀಲೇ ಚಕ್ರ ಹಾಕ್ಸಿದ್ದು. ನನ್ ತಮ್ಮನ್ನ ತಿಂದ್ಬುಟ್ಟ! ಅವ್ನ ಬುಡಲ್ಲ ನಾನು. ಬೀದೀಲಿ ನಿಲ್ಲುಸ್ತೀನಿ!"

ಈರಕ್ಕ ಕೂಗಲಿಲ್ಲ. ರಸ್ತೆ ಪಕ್ಕದ ಮಣ್ಣನ್ನು ಎರಡು ಹಿಡಿ ಬಾಚಿಕೊಂಡು ಶಿರಾ ದಿಕ್ಕಿಗೆ ತೂರಿದಳು.

"ನನ್ ಮಗನ್ ಗಾಡಿ ಮೇಲೆ ಕೈ ಹಾಕ್ದೋನು ಯಾವನೇ ಆಗ್ಲಿ, ಅವ್ನ ಮನೆ ಬಾಗ್ಲು ಮುಚ್ಚೋಗ್ಲಿ. ಅವ್ನ ಹೆತ್ತೋಳು ನನ್ನಂಗೇ ಬೀದೀಲಿ ಕೂತು ಅಳ್ಲಿ."

ಆ ಶಾಪಕ್ಕೆ ನನ್ನದೊಂದನ್ನೂ ಮನಸ್ಸಿನಲ್ಲೇ ಸೇರಿಸಿದೆ.

*

ಮಾರನೆಯ ದಿನ ಶಿರಾ. ಚನ್ನಮಲ್ಲಯ್ಯನ ಅಂಗಡಿಯ ಮುಂದೆ ಗಾಜಿನ ಚೂರು, ಶಟರು ಬಾಗಿತ್ತು. ಹಿಂದಿನ ಸಂಜೆ ಎರಡು ಗಾಡಿ ತುಂಬ ಜನ ಬಂದು ಕಲ್ಲು ಹೊಡೆದಿದ್ದರು. ಪೊಲೀಸರಿಗೆ ಅಂಜಿನಮೂರ್ತಿ ದೂರು ಕೊಟ್ಟಾಗಿತ್ತು. ಮೇಡಂ ವರದಿ ಕೈಗೆ ಬಂದರೆ ಸಾಕು, ಚನ್ನಮಲ್ಲಯ್ಯನನ್ನು ಒಳಗೆ ಹಾಕುತ್ತೇವೆ ಎಂದು ಅವರು ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ.

ಚನ್ನಮಲ್ಲಯ್ಯನಿಗೆ ಅರವತ್ತರ ಹತ್ತಿರ. ಹಣೆಯಲ್ಲಿ ವಿಭೂತಿ, ಉಗುರಿನಲ್ಲಿ ಗ್ರೀಸು. ಮುರಿದ ಕುರ್ಚಿಯ ಮೇಲೆ ಕೂತಿದ್ದ.

"ಹದಿನೈದು ಇಂಚಿನ ಚಕ್ರವನ್ನೇ ಯಾಕೆ ಹಾಕಿದಿರಿ?" ಮೇಡಂ ಕೇಳಿದರು.

"ಗಾಡಿ ಕೇಳಿದ್ದು ಅದನ್ನೇ ಮೇಡಂ. ಡ್ರೈವರ್ ಬಾಗ್ಲು ತೆಗುದ್ರೆ ಪಕ್ಕದಲ್ಲಿ ಚೀಟಿ ಅಂಟ್ಸಿರ್ತಾರೆ. ಎಷ್ಟಿಂಚು, ಎಷ್ಟು ಗಾಳಿ, ಎಲ್ಲಾ ಅದ್ರಲ್ಲೇ ಐತೆ. ಯಾರೂ ಓದಲ್ಲ. ಎಲ್ರಿಗೂ ದೊಡ್ಡದೇ ಬೇಕು." ಕೆಲಸದ ಮಾತು ಬಂದ ಕೂಡಲೇ ಮುದುಕನ ದನಿ ನೆಟ್ಟಗಾಯಿತು. "ವ್ಯಾನು ಜನ ಹೊರೋ ಗಾಡಿ. ಆ ಚಕ್ರ ಎಷ್ಟು ಭಾರ ತಡೀತದೆ ಅನ್ನೋದ ಮೊದ್ಲು ನೋಡ್ತೀನಿ. ಆಮೇಲೆ ಬೋಲ್ಟಿನ ಅಳತೆ. ಆಮೇಲೆ ನಡುವಿನ ತೂತು ಕೂರ್ತದಾ ಅಂತ. ಅಂದ ಚಂದ ಎಲ್ಲಾ ಕೊನೇಗೆ."

"ನಟ್ಟು?"

"ಇಪ್ಪತ್ತೂ ಹೊಸಾದು ಹಾಕ್ದೆ. ಹಳೇವು ಇಪ್ಪತ್ತನ್ನ ಬಟ್ಟೆ ಚೀಲಕ್ಕೆ ತುಂಬಿ ಮೂರ್ತಿ ಕೈಗೇ ಕೊಟ್ಟೆ. ಸ್ಟೆಪ್ನಿ ಕಬ್ಬಿಣದ್ದು, ಅದ ಹಾಕೋ ಕಾಲ ಬಂದ್ರೆ ಹಳೇ ನಟ್ಟೇ ಬೇಕು ಅಂತ ಎರಡ್ಸಲ ಹೇಳಿ ಕೊಟ್ಟೆ."

"ಹಳೇ ನಟ್ಟು ನನಗೆ ಕೊಡಲೇ ಇಲ್ಲ ಅಂತ ಅಂಜಿನಮೂರ್ತಿ ದೂರಿನಲ್ಲಿ ಬರೆಸಿದ್ದಾರೆ."

"ಕೊಟ್ಟೆ ಮೇಡಂ. ಈ ಕೈಯಲ್ಲೇ ಕೊಟ್ಟೆ."

ಮೇಡಂ ಎರಡು ಕಪ್ಪು ನಟ್ಟನ್ನು ಅವನ ಮುಂದಿಟ್ಟರು. ಚನ್ನಮಲ್ಲಯ್ಯ ಎತ್ತಿಕೊಂಡ, ತಳ ನೋಡಿದ.

"ಇವು... ಆ ಚಕ್ರದಿಂದ ಬಿದ್ದವಾ?"

"ಹೌದು."

ಅವನು ನಟ್ಟನ್ನು ಮತ್ತೆ ಮತ್ತೆ ಹೊರಳಿಸಿ ನೋಡಿದ. ಕೊನೆಗೆ ತಲೆ ಎತ್ತಿದಾಗ ಅವನ ಮುಖ ನೋಡಲಾಗಲಿಲ್ಲ.

"ನಾನೇ ಹಾಕಿರ್ಬೋದಾ ಮೇಡಂ? ಕಣ್ಣೂ ಮೊದ್ಲಿನಂಗಿಲ್ಲ. ಮೂವತ್ತು ವರ್ಷದಲ್ಲಿ ಒಂದು ನಟ್ಟು ತಪ್ಪಿಲ್ಲ ಅಂದ್ಕಂಡಿದ್ದೆ. ನಿನ್ನೆಯಿಂದ ಅದೇ ಯೋಚ್ನೆ. ಕಣ್ಣು ಮುಚ್ಚಿದ್ರೆ ಆ ಹುಡ್ಗನ ಕಾಲೇ ಕಾಣ್ತದೆ."

"ಇರ್ಬೋದಾ ಅಂದ್ರೆ?" ನಾನು ತಡೆಯಲಾರದೆ ಹಾರಿದೆ. "ಕಾಲು ಹೋಗೈತೆ ಕಣಯ್ಯಾ! ಇರ್ಬೋದು ಅಂತೀಯಲ್ಲ!"

"ತಿಪ್ಪೇಶ್, ಹೊರಗೆ ನಿಲ್ಲು" ಎಂದರು ಮೇಡಂ. ನಾನು ಬಾಗಿಲವರೆಗೆ ಮಾತ್ರ ಹೋದೆ.

"ಅಂಜಿನಮೂರ್ತಿ ನಿಮಗೆ ಮೊದಲಿಂದ ಪರಿಚಯವಾ?"

"ಎರಡು ತಿಂಗಳ ಹಿಂದೆ ಒಂದ್ಸಲ ಬಂದಿದ್ದ. ಏನೋ ತಮಾಷೆ ಮಾಡ್ದೆ. ಅದೇನೂ ದೊಡ್ಡದಲ್ಲ ಬಿಡಿ."

*

ಮೂರನೆಯ ದಿನ ಪಾವಗಡಕ್ಕೆ ಹೋದೆವು. ಅಲ್ಲಿ ಓಬಳಪ್ಪ ಎಂಬ ಇನ್ನೊಬ್ಬ ವ್ಯಾನಿನವನಿದ್ದ. ವಳ್ಳೂರಿನ ಪಾಳಿ ಟ್ರಿಪ್ಪು ಮೊದಲು ಅವನದೇ. ಕಳೆದ ವರ್ಷ ಅದು ಅಂಜಿನಮೂರ್ತಿಯ ಪಾಲಾದಾಗ, "ನಿನ್ ಗಾಡಿ ಹೆಂಗೆ ಓಡ್ತದೋ ನೋಡ್ಕಂತೀನಿ" ಎಂದು ಸ್ಟ್ಯಾಂಡಿನಲ್ಲಿ ಎಲ್ಲರೆದುರಿಗೆ ಕೂಗಾಡಿದ್ದನಂತೆ.

"ಕೂಗಾಡಿದ್ದು ನಿಜವಾ?"

"ನಿಜಮೇ ಮೇಡಂ. ಹೊಟ್ಟೆ ಉರ್ದೋಗಿತ್ತು, ಅಂದೆ. ಆದ್ರೆ ಭಾನುವಾರ, ಸೋಮವಾರ ನಾನು ಈ ಊರಲ್ಲೇ ಇರ್ಲಿಲ್ಲ. ನಾಗಲಮಡಿಕೇಲಿ ಮೊಮ್ಮಗಳ ಮುಡಿ ಕೊಡ್ಸಾಕೆ ಹೋಗಿದ್ವಿ. ನಲವತ್ತು ಜನ ನೆಂಟರು, ಯಾರ್ನ ಬೇಕಾದ್ರೂ ಅಡಗಂಡಿ, ಕೇಳ್ಕಳಿ. ಪಾಪ, ಆ ಸುನಿಲ ಬಂಗಾರದಂತೋನು. ಅವ್ರಣ್ಣ ಹದಿನೇಳಿಂಚು ಹೆಂಗಾರ ಇರ್ಲಿ."

"ಹದಿನೇಳಿಂಚು? ಅಂದರೆ?"

ಓಬಳಪ್ಪನಿಗೆ ನಗು ತಡೆಯಲಾಗಲಿಲ್ಲ. ಫೋನು ತೆಗೆದು ವಿಡಿಯೋ ತೋರಿಸಿದ.

ಚನ್ನಮಲ್ಲಯ್ಯನ ಅಂಗಡಿ. ಮುಂದೆ ಅದೇ ವ್ಯಾನು, ಹದಿನೇಳು ಇಂಚಿನ ಅಲಾಯ್ ಚಕ್ರ ಸಿಕ್ಕಿಸಿಕೊಂಡು ನಿಂತಿತ್ತು. ಕೊರಟಗೆರೆ ಕಡೆ ಯಾರದೋ ಹಳೆ ಕಾರಿನ ಚಕ್ರವನ್ನು ಅಂಜಿನಮೂರ್ತಿ ಹಾಕಿಸಿಕೊಂಡು ಬಂದಿದ್ದ. ಸ್ಟೇರಿಂಗ್ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರಕರ ಶಬ್ದ. ಸುತ್ತ ಜನ. ಚನ್ನಮಲ್ಲಯ್ಯನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು: "ಅಲ್ಲಾ ಮೂರ್ತಿ, ಕುಳ್ಳಗಿರೋರು ಹೈ ಹೀಲ್ಡ್ ಹಾಕ್ಕಂಡಂಗೆ ಗಾಡಿಗೆ ಹದಿನೇಳಿಂಚು ಹಾಕ್ಸಿದೀಯಲ್ಲ! ಗಾಡಿಗಾ, ನಿಂಗಾ?" ಜನ ಬಿದ್ದು ಬಿದ್ದು ನಕ್ಕರು. ಅಂಜಿನಮೂರ್ತಿಯೂ ನಗಲು ನೋಡಿದ. ಆಗಲಿಲ್ಲ.

"ಅವತ್ತಿಂದ ಅದೇ ಹೆಸ್ರು" ಎಂದ ಓಬಳಪ್ಪ. "ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ — ಯಾವ ಸ್ಟ್ಯಾಂಡಿಗೆ ಹೋದ್ರೂ 'ಬಂದ ನೋಡ್ರೋ ಹದಿನೇಳಿಂಚು' ಅಂತಾರೆ. ಹೆಣ್ಣು ನೋಡಾಕೆ ಹೋದಾಗ ಅಲ್ಲೂ ಆ ಹುಡ್ಗಿ ಅಣ್ಣ ಅದೇ ಹೆಸ್ರಿಡಿದು ಕರೆದ್ಬುಟ್ನಂತೆ. ಚೈತ್ರ ಅಂತ ಹುಡ್ಗಿ. ಒಳಗಿಂದ ಅವ್ಳು ನಕ್ಕಿದ್ದು ಕೇಳ್ಸ್ತಂತೆ. ಎದ್ದು ಬಂದ್ಬುಟ್ಟ."

ವಾಪಸು ಬರುವಾಗ ಮೇಡಂ ಬೈಕಿನ ಹಿಂದಿನಿಂದ ಕೇಳಿದರು:

"ಇಷ್ಟು ಅವಮಾನ ಮಾಡಿದ ಅಂಗಡಿಗೇ ಮತ್ತೆ ಯಾಕೆ ಹೋದ? ಮಧುಗಿರಿಯಲ್ಲಿ ಚಕ್ರದ ಅಂಗಡಿ ಇಲ್ಲವಾ?"

"ಕೆಲಸ ಚೆನ್ನಾಗಿ ಗೊತ್ತಿರೋನು ಅಂತ ಇರ್ಬೋದು."

"ನೀನಾಗಿದ್ದರೆ ಹೋಗುತ್ತಿದ್ದೆಯಾ?"

"ಹೋಗ್ತಿದ್ದೆ. ಕೈಯಲ್ಲಿ ಕಲ್ಲು ಹಿಡ್ಕಂಡು."

ಮೇಡಂ ನಗಲಿಲ್ಲ. "ಗಾಡಿ ನಿಲ್ಲಿಸು" ಎಂದರು. ಹುಣಸೆಮರದ ಕೆಳಗೆ ನಿಂತು ನನ್ನ ಫೋನಿನಲ್ಲಿದ್ದ ಚಕ್ರದ ಫೋಟೋಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದರು. ಹೊಲದಲ್ಲಿ ಬಿದ್ದ ಚಕ್ರ. ಗಾಡಿಯಲ್ಲೇ ಉಳಿದ ಮೂರು. ಮತ್ತೆ ಹೊಲದ ಚಕ್ರ.

"ಏನು ಮೇಡಂ?"

"ನೀನೇ ಹೊಡೆದ ಫೋಟೋ. ನೀನು ನೋಡಿಲ್ಲ. ನಾನೂ ಮೂರು ದಿನ ನೋಡಿರಲಿಲ್ಲ."

ನಾನು ನೋಡಿದೆ. ಚಕ್ರ ಇತ್ತು, ಐದು ತೂತಿತ್ತು, ಪೂಜೆ ಮಾಡಿದ ಗುರುತಿತ್ತು. ಬೇರೇನೂ ಕಾಣಲಿಲ್ಲ.

*

ಸುನಿಲ ಮನೆಗೆ ಬರುವವರೆಗೆ ಮೇಡಂ ವರದಿ ಬರೆಯಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಮಧುಗಿರಿಯ ಅಂಚಿನಲ್ಲಿದ್ದ ಅವರ ಮನೆಗೆ ಹೋದೆವು. ಜೊತೆಗೆ ಪೊಲೀಸ್ ದಫೇದಾರರು. ಅವರ ಹಿಂದೆ, ಮೇಡಂ ಕರೆಸಿದ್ದರಿಂದ, ಚನ್ನಮಲ್ಲಯ್ಯ.

ಅವನನ್ನು ಕಂಡ ಕೂಡಲೇ ಅಂಜಿನಮೂರ್ತಿ ಮೇಲೇರಿ ಬಂದ. ದಫೇದಾರರು ಅಡ್ಡ ನಿಂತರು. ಚನ್ನಮಲ್ಲಯ್ಯ ಹೊಸಿಲು ದಾಟದೆ ಹೊರಗೇ ಕೈಕಟ್ಟಿಕೊಂಡು ನಿಂತ. ಒಳಗೆ ಮಂಚದ ಮೇಲೆ ಸುನಿಲ ಗೋಡೆಗೆ ಒರಗಿ ಕೂತಿದ್ದ. ಹೊದಿಕೆಯ ಕೆಳಗೆ ಒಂದು ಪಾದ ಮಾತ್ರ ಎದ್ದು ಕಾಣುತ್ತಿತ್ತು.

"ಸುನಿಲ್, ಆ ಸೋಮವಾರ ಗಾಡಿ ಓಡಿಸಬೇಕಾಗಿದ್ದವರು ಯಾರು?"

"ಅಣ್ಣ. ಟ್ರಿಪ್ಪು ಏಳು ಗಂಟೇದು. ಐದಕ್ಕೇ ಪಾರ್ಕಿಂದ ಫೋನ್ ಬಂತು, ಬೇಗ ಬನ್ನಿ ಅಂತ. ಅಣ್ಣ ನಿದ್ದೇಲಿದ್ದ. ಎಬ್ಸೋದು ಬ್ಯಾಡ ಅಂತ ನಾನೇ ತಗಂಡು ಹೊಂಟೆ."

ಅಂಜಿನಮೂರ್ತಿ ಮುಖ ಆಚೆ ತಿರುಗಿಸಿದ.

"ಈರಕ್ಕ, ಹೊಸ ಚಕ್ರಕ್ಕೆ ಪೂಜೆ ಮಾಡಿದ್ದು ಯಾರು?"

"ನಾನೇ ಕಣಮ್ಮ. ಭಾನುವಾರ ಬೆಳಿಗ್ಗೆ, ಇದೇ ಅಂಗಳದಲ್ಲಿ."

"ಅರಿಶಿನ ಕುಂಕುಮ ಎಲ್ಲೆಲ್ಲಿ ಇಟ್ಟಿರಿ?"

"ಚಕ್ರಕ್ಕೆ, ನಟ್ಟಿಗೆ."

"ಎಲ್ಲ ನಟ್ಟಿಗೂ?"

ಈರಕ್ಕನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. "ನಮ್ದು ಕುರಿ ಮಂದೆ ಕಟ್ಟಿದ ಮನೆ. ದೀಪಾವಳೀಲಿ ಕುರಿಗೆ ಕುಂಕ್ಮ ಇಡೋವಾಗ ಒಂದು ಮರಿ ಬಿಟ್ರೂ ಆ ವರ್ಷ ಅದು ಉಳಿಯಲ್ಲ ಅಂತ ನಮ್ಮತ್ತೆ ಹೇಳೋಳು. ಚಕ್ರಕ್ಕಾದ್ರೂ ಅಂಗೇ ತಾನೇ? ಒಂದೊಂದಕ್ಕೂ ಬೆಟ್ಟು ಮುಟ್ಸಿ ಇಟ್ಟೆ. ಇಪ್ಪತ್ತು."

ಮೇಡಂ ನನ್ನ ಫೋನನ್ನು ದಫೇದಾರರ ಕೈಗೆ ಕೊಟ್ಟರು.

"ಗಾಡಿಯಲ್ಲೇ ಉಳಿದ ಮೂರು ಚಕ್ರ ನೋಡಿ. ಹದಿನೈದು ನಟ್ಟು. ಹದಿನೈದಕ್ಕೂ ಅರಿಶಿನ, ಮೇಲೆ ಕುಂಕುಮ. ಈಗ ಬಿದ್ದ ಚಕ್ರ ನೋಡಿ. ಐದು ತೂತಿನ ಸುತ್ತಲೂ, ಕುಳಿಯ ಅಂಚಿನಲ್ಲಿ ಅರಿಶಿನ ಹರಡಿದೆ. ಈರಕ್ಕ ನಟ್ಟಿಗೆ ಇಟ್ಟಾಗ ಬೆರಳಿನಿಂದ ಅಂಚಿಗೂ ತಾಗಿದೆ. ಆದರೆ" — ಅವರು ಆ ಎರಡು ಕಪ್ಪು ನಟ್ಟು ತೆಗೆದರು — "ಇವುಗಳ ಮೇಲೆ ಒಂದು ಚುಕ್ಕೆಯೂ ಇಲ್ಲ. ಚಕ್ರಕ್ಕೆ ಪೂಜೆಯಾಗಿದೆ, ನಟ್ಟಿಗೆ ಆಗಿಲ್ಲ. ಹೇಗೆ?"

"ಕುಂಕುಮವಿಲ್ಲದ ಗಾಡಿ ನಮ್ಮ ಕಡೆ ಎಲ್ಲಿದೆ? ದಿನಾ ನೋಡುವುದರಿಂದ ನಮ್ಮ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಶನಿವಾರ ಚನ್ನಮಲ್ಲಯ್ಯ ಸರಿಯಾದ ನಟ್ಟನ್ನೇ ಹಾಕಿದ್ದಾರೆ. ಭಾನುವಾರ ಪೂಜೆಯಾದ ಮೇಲೆ ಯಾರೋ ಆ ಐದನ್ನು ಬಿಚ್ಚಿ ಹಳೆಯವನ್ನು ಹಾಕಿದ್ದಾರೆ."

ಹೊಸಿಲಿನಾಚೆ ಚನ್ನಮಲ್ಲಯ್ಯ ತನ್ನ ಎರಡೂ ಅಂಗೈ ಬಿಚ್ಚಿ ನೋಡಿಕೊಂಡ. ಹನ್ನೆರಡು ದಿನ ತನ್ನ ಕೈಯನ್ನೇ ನಂಬದೆ ಬದುಕಿದವನು. ನನಗೆ ಅವನ ಕಡೆ ನೋಡುವ ಮುಖವಿರಲಿಲ್ಲ.

"ಯಾರ್ ಮೇಡಂ? ಆ ಓಬಳಪ್ಪನಾ?" ಅಂಜಿನಮೂರ್ತಿ ಕೂಗಿದ. "ಹೇಳಿ, ಇವತ್ತೇ ಅವ್ನ—"

"ಓಬಳಪ್ಪ ನಾಗಲಮಡಿಕೆಯಲ್ಲಿದ್ದರು, ವಿಚಾರಿಸಿದ್ದೇನೆ. ಭಾನುವಾರ ಪೂರ್ತಿ ಗಾಡಿ ಈ ಗೇಟಿನೊಳಗೇ ಇತ್ತು. ಇದ್ದವರು ಮೂರೇ ಜನ. ನಟ್ಟು ಬದಲಿಸಿದವನು ಸುನಿಲ್ ಆಗಿದ್ದರೆ ತಾನೇ ಆ ಗಾಡಿ ಓಡಿಸುತ್ತಿರಲಿಲ್ಲ. ಈರಕ್ಕನಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಹಳೆಯ ನಟ್ಟಿನ ಚೀಲ ಇದ್ದದ್ದು ಒಬ್ಬರ ಕೈಯಲ್ಲಿ. ಅಂಜಿನಮೂರ್ತಿ, ನೀವೇ."

"ಸುಳ್ಳು! ಸ್ವಂತ ತಮ್ಮನ ಕಾಲು—"

"ತಮ್ಮನಿಗಲ್ಲ. ನೀವು ಗುರಿ ಇಟ್ಟದ್ದು ಚನ್ನಮಲ್ಲಯ್ಯನ ಹೆಸರಿಗೆ. ಬರೀ ಸಡಿಲ ಮಾಡಿದ್ದರೆ ಯಾರು ಬೇಕಾದರೂ ಮಾಡಿರಬಹುದು ಎನ್ನುತ್ತಾರೆ. ತಪ್ಪು ನಟ್ಟು ಹಾಕಿದರೆ ಅಂಗಡಿಯವನದೇ ತಪ್ಪು. ಅದಕ್ಕೇ ಆ ಅಂಗಡಿಗೇ ಹೋಗಿ ಚಕ್ರ ಹಾಕಿಸಿದಿರಿ. ಹೌದಾ?"

"ಸಾಕ್ಷಿ ಏನೈತೆ?"

ಮೇಡಂ ಈರಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಅಮ್ಮಾ, ಪೂಜೆಗೆ ಇಟ್ಟ ವಸ್ತು ಬೇಡವಾದರೆ ಈ ಮನೆಯಲ್ಲಿ ಎಲ್ಲಿ ಹಾಕುತ್ತೀರಿ?"

"ಎಲ್ಲೆಂದ್ರಲ್ಲಿ ಎಸ್ಯಾಕಾದೀತಾ? ಕುಂಕ್ಮ ಬಿದ್ದಿದ್ದು ದೇವ್ರ ಗೂಡಲ್ಲೇ ಇಡ್ತೀವಿ, ಪಟದ ಹಿಂದೆ. ಯುಗಾದಿಗೆ ಎಲ್ಲಾ ಸೇರ್ಸಿ ಕೆರೇಗೆ ಬುಡ್ತೀವಿ."

"ನೋಡಿ."

"ಅಮ್ಮಾ, ಬ್ಯಾಡ" ಎಂದ ಅಂಜಿನಮೂರ್ತಿ. ಅದು ಕೂಗಲ್ಲ, ಅಷ್ಟು ಸಣ್ಣ ದನಿ.

ಈರಕ್ಕ ಮಗನ ಮುಖ ನೋಡಿದಳು. ಆಮೇಲೆ ಗೋಡೆಯ ಗೂಡಿನ ಹತ್ತಿರ ಹೋಗಿ, ಉರಿಯುತ್ತಿದ್ದ ದೀಪವನ್ನು ಪಕ್ಕಕ್ಕೆ ಸರಿಸಿ, ಪಟದ ಹಿಂದೆ ಕೈ ಹಾಕಿದಳು. ಒಣಗಿದ ಹೂವು ಬಂತು. ಹಳೆಯ ಕಂಕಣದ ದಾರ ಬಂತು. ಅದರ ಹಿಂದೆ ಕರ್ಚೀಫಿನ ಗಂಟೊಂದು ಬಂತು. ಬಿಚ್ಚಿದಳು. ಐದು ನಟ್ಟು. ಹೊಳೆಯುವವು. ಒಂದೊಂದರ ಮೇಲೂ ಅವಳದೇ ಬೆರಳಿನ ಅರಿಶಿನ, ಕುಂಕುಮ.

ಅಂಜಿನಮೂರ್ತಿ ನೆಲದ ಮೇಲೆ ಕೂತುಬಿಟ್ಟ.

"ಚರಂಡೀಗೆ ಎಸೀಬೇಕಂತ ಹೋದೆ. ಅಮ್ಮ ಇಟ್ಟ ಕುಂಕ್ಮ. ಕೈ ಬರ್ಲಿಲ್ಲ." ಅಳುತ್ತಲೇ ಹೇಳಿದ. "ನಾನೇ ಓಡುಸ್ಬೇಕಾಗಿತ್ತು. ಅವತ್ತು ಟ್ರಿಪ್ಪು ಬುಟ್ಟು, ನಿಧಾನಕ್ಕೆ ಶಿರಾಗೆ ತಗಂಡೋಗಿ, ಅವ್ನ ಅಂಗ್ಡಿ ಮುಂದೇನೆ ಚಕ್ರ ಅಳ್ಳಾಡೋದ ತೋರ್ಸಿ, ನಾನೂ ಒಂದು ವಿಡಿಯೋ ಮಾಡ್ಬೇಕಂತಿದ್ದೆ. ಅವ್ನಿಗೂ ಒಂದು ಹೆಸ್ರು ಬೀಳ್ಲಿ ಅಂತ. ಅಷ್ಟೇ. ದೇವ್ರಾಣೆ ಅಷ್ಟೇ."

"ನಾನಂದ ಒಂದು ಮಾತಿಗಾ ಮೂರ್ತಿ?" ಚನ್ನಮಲ್ಲಯ್ಯನ ದನಿ ಹೊರಗಿನಿಂದ ಬಂತು. "ಅಷ್ಟಕ್ಕಾ?"

"ನಿಂಗೆ ಅದು ಒಂದು ಮಾತು. ಎರಡು ತಿಂಗ್ಳು ಅದ ಹೊತ್ಕಂಡು ತಿರುಗ್ದೋನು ನಾನು."

ದಫೇದಾರರು ಅವನ ತೋಳು ಹಿಡಿದು ಎಬ್ಬಿಸಿದರು. ಈರಕ್ಕ ಇನ್ನೂ ಗೂಡಿನ ಮುಂದೆಯೇ ನಿಂತಿದ್ದಳು. ನಟ್ಟುಗಳನ್ನು ಒಂದೊಂದಾಗಿ ಎಣಿಸಿ ಮತ್ತೆ ಕರ್ಚೀಫಿನಲ್ಲಿಟ್ಟಳು.

"ಹನ್ನೆರಡು ದಿನದಿಂದ ಇಲ್ಲೇ ದೀಪ ಹಚ್ತಿದ್ದೆ" ಎಂದಳು. "ದಿನಾ ಇದೇ ಗೂಡಿನ ಮುಂದೆ ನಿಂತು ಶಾಪ ಹಾಕ್ತಿದ್ದೆ. ಇವ್ನೂ ನನ್ ಪಕ್ಕದಲ್ಲೇ ನಿಂತು ಕೈ ಮುಗೀತಿದ್ದ." ಮೇಡಂ ಕಡೆ ತಿರುಗಿದಳು. "ನೀನು ಓದಿದೋಳು. ಹಾಕಿದ ಶಾಪಾನ ವಾಪಸ್ ತಗಳದು ಎಂಗೆ ಅಂತ ನಿಂಗೇನಾರ ಗೊತ್ತೇನವ್ವಾ?"

ಮೇಡಂ ತಲೆ ತಗ್ಗಿಸಿದರು. ಅಪ್ಪ ಹೋದಾಗಿನಿಂದ ನಾನೂ ಒಬ್ಬನಿಗೆ ದಿನಾ ಶಾಪ ಹಾಕಿಕೊಂಡೇ ಬಂದವನು.

ಮಂಚದಿಂದ ಸುನಿಲ ಮಾತಾಡಿದ. ಅಣ್ಣನ ಕಡೆ ಅವನು ನೋಡಲಿಲ್ಲ. ಹೊದಿಕೆ ಚಪ್ಪಟೆಯಾಗಿದ್ದ ಕಡೆಯನ್ನೇ ನೋಡುತ್ತಿದ್ದ.

"ವಾಪಸ್ ತಗಬ್ಯಾಡ ಕಣಮ್ಮ."